ಚೆಂಡುಹೂವಿನ ಮೇಲಿನ ಪತಂಗ

ಹಂಗಳ, ಸೋಮವಾರ

ರಂಗರಾಜು ಸರ್ ಅವರಿಗೆ,

ಹಗಲಲ್ಲಿ ಹಾರುವ ಪತಂಗದ ನಿಮ್ಮ ಫೋಟೊಗೆ ಬಹುಮಾನ ಬಂದಿದ್ದನ್ನು ಪೇಪರಿನಲ್ಲಿ ನೋಡಿದೆ. ತೋರಿಸಿಕೊಟ್ಟವಳೆಂದು ನನ್ನ ಹೆಸರನ್ನೂ ಹಾಕಿಸಿದ್ದೀರಿ. ಅದನ್ನು ತೆಗೆಸಿ. ಊರವರು ಶಹಬ್ಬಾಸ್ ಅಂದಾಗೆಲ್ಲ ನಾನು ಮುಖ ತಿರುಗಿಸಿಕೊಂಡು ಹೋಗುತ್ತಿದ್ದೇನೆ.

ಆ ಪತಂಗ ನಮ್ಮ ಚೆಂಡುಹೂವಿನ ಹೊಲಕ್ಕೆ ಬರುವ ಹೊತ್ತು ಹೇಳಿ, ಅಲುಗದೆ ಕಾಯಿರಿ ಅಂದಿದ್ದೆ. ನೀವು ನನ್ನನ್ನು ನೀರು ತರಲು ಕಳಿಸಿದಿರಿ. ಬರುವಷ್ಟರಲ್ಲಿ ಫೋಟೊ ತೆಗೆದಾಗಿತ್ತು. "ಕದಲದೆ ಕೂತಿತ್ತಮ್ಮ, ನನ್ನ ಅದೃಷ್ಟ" ಅಂದಿರಿ.

ಮರುದಿನ ಹೂ ಕೀಳುವಾಗ ಅವ್ವ ಕೂಗಿದಳು: "ಗಮ್ ಆಕಿ ಅಂಟಿಸ್ಬುಟ್ಟವ್ನೆ ಕಣಮ್ಮಿ! ಅವ್ನ ಕೈ ಸೇದೋಗ!" ರೆಕ್ಕೆಗಳನ್ನು ಇರುವೆಗಳು ಎಳೆದೊಯ್ಯುತ್ತಿದ್ದವು. ಕಾಲುಗಳು ಮಾತ್ರ ಹೂವಿಗೇ ಅಂಟಿದ್ದವು.

ಇನ್ನು ನಮ್ಮ ಹೊಲಕ್ಕೆ ಬರಬೇಡಿ. ಅಂದೇ ಎತ್ತಿಟ್ಟಿದ್ದ ಆ ಹೂವನ್ನು ಈ ಕವರಿನಲ್ಲಿಟ್ಟಿದ್ದೇನೆ. ಫೋಟೊಗೆ ಕಟ್ಟು ಹಾಕಿಸುವಾಗ ಇದನ್ನೂ ಜೊತೆಗೆ ಸೇರಿಸಿ.

ಅದನ್ನು ನಿಮಗೆ ತೋರಿಸಿದವಳು,
ಭಾಗ್ಯ