ಜೋಳದ ಖೋಲಿಯ ವಾಸನೆ

ಆಗಸ್ಟ್ 3, ಶನಿವಾರ. ಮಧ್ಯಾಹ್ನ 2.30

ಎಚ್ಚರವಾಯಿತು. ಚೀಲ ಎಳೆಯುವ ಸದ್ದು. ಸರ್ರ್... ನಿಲ್ಲುತ್ತದೆ... ಮತ್ತೆ ಸರ್ರ್. ಕಣ್ಣು ಹತ್ತಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ತನು ಕೂಡ ಎದ್ದಳು. ಹಾಲು 2.15ಕ್ಕೆ, ಹತ್ತು ನಿಮಿಷ.

ಡಾಕ್ಟರು ಹೀಗೆ ಬರೆದಿಡಲು ಹೇಳಿದ್ದಾರೆ — ಮಗು ಯಾವಾಗ ಕುಡಿಯಿತು, ನಾನು ಎಷ್ಟು ಮಲಗಿದೆ. ಬೇರೆ ವಹಿ ಸಿಗಲಿಲ್ಲ. ಬಿ.ಎಸ್ಸಿ. ಎರಡನೇ ವರ್ಷದ ಕೆಮಿಸ್ಟ್ರಿ ರೆಕಾರ್ಡ್ ಬುಕ್ಕು ಸಿಕ್ಕಿತು, ಹಿಂದಿನ ಅರ್ಧ ಖಾಲಿ. ಮುಂದೆ ಸಾಲ್ಟ್ ಅನಾಲಿಸಿಸ್, ಹಿಂದೆ ಏಳು ತಿಂಗಳ ಮಗಳ ಹಾಲಿನ ಲೆಕ್ಕ. ನಾನು ಮಲಗಿದ್ದು ನಿನ್ನೆ ರಾತ್ರಿ ಒಂದೂವರೆ ತಾಸು.

ಚೀಲ ಎಳೆಯುತ್ತಿರುವವರು ಮಾವ ಮತ್ತು ಇವರು. ಹದಿನಾಲ್ಕು ಚೀಲ ಜೋಳ. ಪ್ರತಿ ವರ್ಷ ಹೊರಗಿನ ತಗಡಿನ ಪತ್ರಾ ಶೆಡ್ಡಿನಲ್ಲಿ ಇರುತ್ತಿದ್ದವು. ಈ ಸಲ ಮಳೆ ಬಿಡುವುದೇ ಇಲ್ಲ, ಆಡುಗಳು ಕೆಮ್ಮುತ್ತವೆ ಎಂದು ಅವನ್ನು ಶೆಡ್ಡಿಗೆ ಕಟ್ಟಿದರು. ಜೋಳ ಒಳಗೆ ಬಂತು — ನಾವು ಮಲಗುವ ದೊಡ್ಡ ಖೋಲಿಯ ಪಕ್ಕದ ಸಣ್ಣ ಖೋಲಿಗೆ. ನಡುವಿನ ಗೋಡೆ ಮೇಲಿನ ಪತ್ರಾದವರೆಗೆ ಮುಟ್ಟಿಲ್ಲ. ಒಂದು ಮೊಳ ಸಂದಿ. ಧೂಳು ಅಲ್ಲಿಂದ ಇಳಿದು ತೊಟ್ಟಿಲ ಮೇಲೆ ಕೂರುತ್ತಿದೆ.

ಹೇಳಿದೆ. ಅತ್ತೆ ನಕ್ಕರು. "ನಿನ್ನ ಗಂಡ ಜ್ವಾಳದ ಚೀಲದ ಮ್ಯಾಲ ಮಕ್ಕೊಂಡ ದೊಡ್ಡಾವಾಗ್ಯಾನ ಬೇ."

ಆಗಸ್ಟ್ 5, ಸೋಮವಾರ. ಬೆಳಿಗ್ಗೆ 11

ಬರೆಯಲು ನಾಚಿಕೆ. ನಿನ್ನೆ ನಸುಕಿನಲ್ಲಿ ಗ್ಯಾಸ್ ವಾಸನೆ ಬಂತು. ಎಲ್ಲರನ್ನೂ ಎಬ್ಬಿಸಿದೆ, ಮಳೆಯಲ್ಲಿ ಅಂಗಳಕ್ಕೆ ಓಡಿಸಿದೆ. ಪಕ್ಕದ ಮನೆಯ ತವನಪ್ಪ ಅಣ್ಣ ಟಾರ್ಚ್ ಹಿಡಿದು ಓಡಿ ಬಂದರು. ಒಲೆಯ ಕೆಳಗೆ ಕೊಳೆತ ಬಟಾಟಿ ಸಿಕ್ಕಿತು. ಅಷ್ಟೇ.

ಇವತ್ತು ಓಣಿಗೆಲ್ಲ ಗೊತ್ತು. ನೀರಿಗೆ ಹೋದರೆ, "ಇವತ್ತ ಏನ ವಾಸನಿ ಬಂತವಾ?" ಇವರು, "ನಿನ್ನ ಮೂಗ ಒಯ್ದ ನಮ್ಮ ಕಾರ್ಖಾನಿ ಗೇಟಿಗಿ ಕುಂಡ್ರಸ್ತೇನಿ ತಡಿ, ವಾಚಮನ್ ಬೇಕಾಗಿಲ್ಲ."

ಆಮೇಲೆ ನಗು ನಿಲ್ಲಿಸಿ, "ಭಾಗ್ಯಾ, ಒಂದ ರಾತ್ರಿ ಆದ್ರೂ ನಿದ್ದಿ ಮಾಡ. ತಲಿ ಕೆಡತೈತಿ" ಅಂದರು. ನಿಜವೇ ಇರಬಹುದು. ಗುಬ್ಬಚ್ಚಿ ಹಾರಿದರೂ ಎದ್ದು ಕೂರುತ್ತೇನೆ. ಒಂಬತ್ತರ ಮೇಲೆ ಖೋಲಿಯಲ್ಲಿ ಎಲ್ಲರ ಫೋನೂ ಸೈಲೆಂಟ್ ಇರಬೇಕು, ತನು ಏಳುತ್ತಾಳೆ — ಇದು ನನ್ನದೇ ರೂಲು. ಪಾಪ, ಯಾರೂ ಮುರಿಯುವುದಿಲ್ಲ.

ಆಗಸ್ಟ್ 8, ಗುರುವಾರ. ಸಂಜೆ 5

ರಾಜೇಶ್ವರಿ ಅಕ್ಕ ಬಂದರು, ಪಂಚಮಿಗೆ. ಇವರ ಅಕ್ಕ. ಕೊಕಟನೂರಿಗೆ ಕೊಟ್ಟಿದ್ದಾರೆ. ಜೊತೆಗೆ ಸಪನಾ, ಒಂಬತ್ತು ವರ್ಷ, ಸುರಜ, ಆರು. ಸೋಮವಾರದವರೆಗೂ ಇರುತ್ತಾರೆ. ಮನೆ ತುಂಬಿತು. ಅಕ್ಕ ಬಂದವರೇ ತನುವನ್ನು ಕಸಿದುಕೊಂಡು, "ಹೋಗ, ಮಾರಿ ತೊಳ್ಕೊ. ಕಣ್ಣ ನೋಡ, ಮಸಿ ಹಚ್ಚಿದಂಗ ಆಗ್ಯಾವ" ಅಂದರು. ಅಳು ಬಂತು. ತಡೆದುಕೊಂಡೆ.

ಅತ್ತೆ ಮಗಳಿಗೆಂದು ಶೇಂಗಾ ಚಟ್ನಿ ಕುಟ್ಟುತ್ತಿದ್ದಾರೆ. ಎರಡು ಕಿಲೋ. ಬೆಳ್ಳುಳ್ಳಿ ಸುಲಿದು ಸುಲಿದು ನನ್ನ ಉಗುರು ಉರಿಯುತ್ತಿದೆ. ಇಡೀ ಮನೆ ಬೆಳ್ಳುಳ್ಳಿ ನಾರುತ್ತಿದೆ.

ಪಂಚಮಿಯ ಅಳ್ಳು, ಅರಳು ಹುರಿಯಲು ಜೋಳ ತೆಗೆದರೆ ನುಸಿ. ಮಾವ ಕೂಡಲೇ ಪೇಟೆಗೆ ಹೋಗಿ ಗುಳಿಗೆ ತಂದರು. ಚೀಲಗಳ ನಡುವೆ ಇಟ್ಟು, ತಾಡಪತ್ರಿ ಹೊದಿಸಿ, ಬಾಗಿಲು ಹಾಕಿದರು.

"ಎಂಟ ದಿನ ಯಾರೂ ಇದನ್ನ ತಗೀಬ್ಯಾಡ್ರಿ."

"ಮಾವಾ, ಪಕ್ಕದಾಗ ಕೂಸು ಮಲಗತೈತಲ್ರಿ?"

"ವರ್ಷಾ ಹಾಕತೇವಿ ಯವ್ವಾ. ಬಾಗಲಾ ಹಾಕೇನಲ್ಲ?"

ಮತ್ತೆ ಬೆಳ್ಳುಳ್ಳಿ ಸುಲಿಯಲು ಕೂತೆ. ಭಾನುವಾರದ ಬಟಾಟಿ ಇನ್ನೂ ಯಾರೂ ಮರೆತಿಲ್ಲ.

ಆಗಸ್ಟ್ 9, ಶುಕ್ರವಾರ. ಪಂಚಮಿ. ಮಧ್ಯಾಹ್ನ 3

ಬೇವಿನ ಮರಕ್ಕೆ ಜೋಕಾಲಿ. ಸಪನಾ ಜೀಕಿ ಜೀಕಿ ಟೊಂಗೆಯ ಎಲೆ ಬಾಯಲ್ಲಿ ಕಚ್ಚಿ ತಂದಳು. ಅಕ್ಕ ಸೀರೆ ಕಚ್ಚೆ ಹಾಕಿ ನಿಂತು ಜೀಕಿದರು. ಅತ್ತೆ ಕೆಳಗಿನಿಂದ, "ಲೇ ರಾಜೀ, ಎರಡ ಮಕ್ಕಳ ತಾಯಿ ಅದಿ!" ನಾನೂ ಹತ್ತಿದೆ. ಇಳಿದಾಗ ತಲೆ ತಿರುಗಿತು.

ಬೆಳಗಿನಿಂದ ತಲೆನೋವು. ಅಕ್ಕನಿಗೂ ಅಂತೆ. ಬೆಳಕಿಲ್ಲದ ಹವೆ, ಮಳೆ, ಕಿಟಕಿ ಮುಚ್ಚಿಕೊಂಡೇ ಮಲಗಿದ್ದೇವೆ. ಅದಕ್ಕೇ ಇರಬೇಕು.

ತನು ಎರಡು ಸಲ ಹಾಲು ಕಕ್ಕಿದಳು.

ಖೋಲಿಯಲ್ಲಿ ಬೆಳ್ಳುಳ್ಳಿ ವಾಸನೆ. ಚಟ್ನಿ ಡಬ್ಬಿಗಳು ಅಲ್ಲೇ ಮೂಲೆಯಲ್ಲಿವೆ.

ಆಗಸ್ಟ್ 10, ಶನಿವಾರ. ಬೆಳಿಗ್ಗೆ 8

ಕಸ ಹೊಡೆಯುವಾಗ ಗೋಡೆಯ ಬುಡದಲ್ಲಿ ಹಲ್ಲಿ ಸತ್ತಿತ್ತು. ಮೂರು. ಅಕ್ಕನಿಗೆ ತೋರಿಸಿದೆ. "ಮೂರೂ ಕೂಡೇ ಸಂತಿಗಿ ಹೊಂಟಿದ್ದವು ಕಾಣತೈತಿ" ಎಂದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಯಾರ ಮೈಮೇಲೂ ಬೀಳಲಿಲ್ಲವಲ್ಲ ಎಂದು ಎರಡು ಸಲ ಕೇಳಿದರು.

ಇನ್ನೊಂದು. ನಿನ್ನೆ ಸುರಜ ಅರ್ಧ ತಿಂದ ರವೆ ಉಂಡಿ ತೊಟ್ಟಿಲ ಕೆಳಗೆ ಬಿದ್ದಿತ್ತು. ರಾತ್ರಿಯೆಲ್ಲ. ಒಂದೇ ಒಂದು ಇರುವೆ ಬಂದಿಲ್ಲ. ಮಳೆಗಾಲದಲ್ಲಿ!

ಇದನ್ನು ಯಾರಿಗೂ ಹೇಳಲಿಲ್ಲ. ಇರುವೆ ಬಂದಿಲ್ಲ ಎಂದು ಹೆದರುವವಳನ್ನು ಯಾರು ತಾನೇ ನಂಬುತ್ತಾರೆ?

ಅದೇ ದಿನ, ಸಂಜೆ 7

ಅಥಣಿಗೆ ಹೋಗಿದ್ದೆವು. ತವನಪ್ಪ ಅಣ್ಣನ ಕಾರು. ಅಕ್ಕನಿಗೆ ಸೀರೆ, ಮಕ್ಕಳಿಗೆ ಬಟ್ಟೆ, ಇವರಿಗೆ ಚಪ್ಪಲಿ. ಚಪ್ಪಲಿಯವನು, "ಮೊದಲ ಕಚ್ಚತಾವ್ರೀ, ಆಮ್ಯಾಲ ಬಿಡಂಗಿಲ್ಲ" ಅಂದ. ಅಕ್ಕ ಇವರನ್ನು ನೋಡಿ, "ನಿನ್ನಂಗ ಐತಿ ಬಿಡ ತಮ್ಮಾ" ಅಂದರು. ಅಂಗಡಿಯವರೆಲ್ಲ ನಕ್ಕರು.

ಸೀರೆ ಅಂಗಡಿಗೆ ನೀಲಮ ಬಂದಳು. ಕಾಲೇಜಿನಲ್ಲಿ ಲ್ಯಾಬ್ ಪಾರ್ಟನರ್. ಈಗ ಅಲ್ಲೇ ಹೈಸ್ಕೂಲ್ ಟೀಚರ್. ನಾಲ್ಕು ವರ್ಷ ಆಗಿತ್ತು ನೋಡಿ. ಮಕ್ಕಳನ್ನೂ ಕೂರಿಸಿಕೊಂಡು ಮಿಸಳ ತಿಂದೆವು, ಪಾನಿಪುರಿ ತಿಂದೆವು, ಮಾತು ಮುಗಿಯಲೇ ಇಲ್ಲ. ತನು ಅವಳ ತೊಡೆಯ ಮೇಲೆ ಕೂತು ಕೇಕೆ ಹಾಕಿ ನಕ್ಕಳು. ಎರಡು ದಿನದ ಮೇಲೆ ನಕ್ಕಿದ್ದು. ನನ್ನ ತಲೆನೋವೂ ಎಲ್ಲಿ ಹೋಯಿತೋ.

"ನಿನಗೇನೂ ಆಗಿಲ್ಲಬೇ," ನೀಲಮ ಅಂದಳು. "ಮನಿ ಬಿಟ್ಟ ಹೊರಗ ಬೀಳ ಆಗಾಗ."

ಮನೆಗೆ ಬಂದು ಒಂದು ತಾಸೂ ಇಲ್ಲ, ಮತ್ತೆ ತಲೆ ಸಿಡಿಯುತ್ತಿದೆ. ಹೊರಗಿದ್ದರೆ ಆರಾಮ, ಒಳಗೆ ಬಂದರೆ ನೋವು. ಅಂದರೆ ನನಗೆ ಈ ಮನೆಯೇ ಬೇಡವಾಗಿದೆಯೇ? ಇಷ್ಟು ಒಳ್ಳೆಯ ಜನ... ನಾನೇ ಸರಿಯಿಲ್ಲ.

ಆಗಸ್ಟ್ 11, ಭಾನುವಾರ. ಬೆಳಿಗ್ಗೆ 9

ರಾತ್ರಿ ಸುರಜ ಮೂರು ಸಲ ವಾಂತಿ. ಸಪನಾ ಒಂದು ಸಲ. ತನು — ಲೆಕ್ಕ ತಪ್ಪಿತು. ಅತ್ತೆ ಸಿಟ್ಟಾಗಿದ್ದಾರೆ. "ಪೇಟ್ಯಾನ ಹಾಳಮೂಳ ತಿನಸ್ತೀರಿ, ಮತ್ತ ರಾತ್ರಿ ಎಲ್ಲಾ ನಾ ಬಳೀಬೇಕು." ಅಕ್ಕ, "ತನು ಏನ ಪಾನಿಪುರಿ ತಿಂದೈತೇನಬೇ ಯವ್ವಾ?" ಅಂದರು. ಅದಕ್ಕೆ ಅತ್ತೆ, "ಅದರ ತಾಯಿ ತಿಂದಾಳಲ್ಲ! ಹಾಲಿನಾಗ ಹೋಗತೈತಿ."

ಹೌದು. ನಾನು ತಿಂದಿದ್ದೆ. ಎರಡು ಪ್ಲೇಟು.

ಚಟ್ನಿ ಡಬ್ಬಿಗಳನ್ನು ಅಕ್ಕ ಬ್ಯಾಗಿಗೆ ಹಾಕಿ ಪಡಸಾಲೆಗೆ ಇಟ್ಟರು, ನಾಳೆ ಹೊರಡಲು. ಖೋಲಿಯಲ್ಲಿ ವಾಸನೆ ಹಾಗೇ ಇದೆ. ಬೆಳ್ಳುಳ್ಳಿ, ಅದರ ಹಿಂದೆ ಹಳಸಿದ ಮೀನಿನಂಥದು ಏನೋ. ಇವರಿಗೆ ಹೇಳಿದೆ. ಇವರು ನನ್ನ ಹಣೆ ಮುಟ್ಟಿ ಜ್ವರ ನೋಡಿದರು. ನಗುವುದಕ್ಕಿಂತ ಅದು ಕೆಟ್ಟದ್ದು.

ಸಂಜೆ 4.20

ತನು ಅಳುತ್ತಿಲ್ಲ. ಹಾಲು ಬೇಡ. ಕೈ ಬಿಟ್ಟರೆ ಕೈ ಕೆಳಗೆ ಬೀಳುತ್ತದೆ. ತವನಪ್ಪ ಅಣ್ಣ ಕಾರು ತೆಗೆಯುತ್ತಿದ್ದಾರೆ. ಮಿರಜಿಗೆ. ಬ್ಯಾಗಿಗೆ ಲಂಗೋಟಿ, ಬಾಟಲಿ, ಈ ವಹಿ. ಡಾಕ್ಟರು ಕೇಳಿದರೆ ಹೊತ್ತು ಹೇಳಬೇಕಲ್ಲ.

ಹೊರಡುವಾಗ ಮಾವ ಸಣ್ಣ ಖೋಲಿಯಿಂದ ಹೊರಗೆ ಬಂದರು, ಕೈಯಲ್ಲಿ ಖಾಲಿ ಡಬ್ಬಿ. "ನುಸಿ ಇನ್ನೂ ಜೀವಂತ ಅದಾವ. ಇನ್ನಷ್ಟ ಹಾಕೇನಿ." ಬಾಗಿಲ ಕೆಳಗಿನ ಸಂದಿಗೆ ಚೀಲ ತುರುಕುತ್ತಿದ್ದರು. ಮೇಲಿನ ಸಂದಿ

ಕಾರು ಹಾರನ್ ಹೊಡೆಯುತ್ತಿದೆ.

ರಾತ್ರಿ 8.30. ಮಿರಜ, ಆಸ್ಪತ್ರೆ

ತನುಗೆ ಸಲೈನ್, ಮೂಗಿಗೆ ನಳಿಗೆ. ಡಾಕ್ಟರು ಏನು ತಿಂದಿದ್ದಿರಿ ಎಂದು ಕೇಳಿದರು. ಇವರು ಹೇಳಿದರು: ಮಿಸಳ, ಪಾನಿಪುರಿ. ಫುಡ್ ಪಾಯ್ಸನ್ ಎಂದು ಬರೆದುಕೊಂಡರು. ಆಮೇಲೆ ಇವರು ಡಾಕ್ಟರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಏನೋ ಹೇಳಿದರು. ನನಗೆ ಕೇಳಿಸಿತು. "ಆಕಿಗೆ ಮೂರ ತಿಂಗಳಾತ್ರಿ ನಿದ್ದಿ ಇಲ್ಲ. ಇಲ್ಲದ್ದ ವಾಸನಿ ಬರತಾವ."

ಏಳಕ್ಕೆ ಇವರು ಊರಿಗೆ ವಾಪಸ್ಸು ಹೋದರು. ಬೆಳಿಗ್ಗೆ ಅಕ್ಕನನ್ನು ಬಸ್ಸಿಗೆ ಹತ್ತಿಸಿ ಬರುತ್ತಾರಂತೆ. ಹೋಗುವಾಗ ತಲೆ ಸವರಿದರು. "ರಾತ್ರಿ ಫೋನ್ ಮಾಡಿ ಅವರನ್ನ ಅಂಜಸಬ್ಯಾಡ. ಮಕ್ಕೊ." ನನ್ನ ಫೋನು ಮನೆಯಲ್ಲೇ, ಚಾರ್ಜಿಗೆ ಹಾಕಿದಲ್ಲೇ ಉಳಿದಿದೆ.

8.50

ಸಿಸ್ಟರ್ ತನುವಿನ ಬಾಯಿ ಒರೆಸಿ, ಮೂಗು ಮುರಿದು ಕೇಳಿದರು: "ಇತಕ್ಯಾ ಲಹಾನ್, ಇಷ್ಟ ಸಣ್ಣ ಕೂಸಿಗಿ ಬೆಳ್ಳುಳ್ಳಿ ತಿನಸೀರೇನ್ರಿ?"

ತಿನ್ನಿಸಿಲ್ಲ. ತನು ಹಾಲು ಬಿಟ್ಟು ಏನೂ ತಿಂದಿಲ್ಲ. ಬಗ್ಗಿ ಮೂಸಿದೆ. ಅದೇ ವಾಸನೆ. ಚಟ್ನಿ ಮನೆಯಲ್ಲಿದೆ, ವಾಸನೆ ನನ್ನ ಮಗಳ ಉಸಿರಿನಲ್ಲಿದೆ.

ಆಗ ಈ ವಹಿಯ ಮುಂದಿನ ಹಾಳೆ ತಿರುವಿದೆ. ಪುಟ 31. ನನ್ನದೇ ಅಕ್ಷರ, ಸರ್ ಹೇಳಿದ್ದನ್ನು ಮಾರ್ಜಿನ್ನಿನಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದೆ. ಪಕ್ಕದಲ್ಲಿ ನೀಲಮ ಬಿಡಿಸಿದ ಗೊಂಬೆ, ಮೂಗು ಮುಚ್ಚಿಕೊಂಡದ್ದು.

"ಫಾಸ್ಫೀನ್. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ. ಜೋಳದ ಗುಳಿಗೆಯಿಂದ ಬರುವುದೂ ಇದೇ. ವಾಸನೆ ಬಂದರೆ ನಿಲ್ಲಬೇಡಿ, ಹೊರಗೆ ಓಡಿ."

ಎಂಟು ದಿನದಿಂದ ಇದರ ಬೆನ್ನಿಗೇ ಬರೆಯುತ್ತಿದ್ದೇನೆ.

9.25

ಸಿಸ್ಟರ್ ಫೋನ್ ಕೊಟ್ಟರು. ನನಗೆ ಬಾಯಿಪಾಠ ಇರುವುದು ಇವರ ನಂಬರ್ ಒಂದೇ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಏಳು ಸಲ. ಒಂಬತ್ತು ದಾಟಿದೆ. ಎಲ್ಲರ ಫೋನೂ ಸೈಲೆಂಟ್. ನನ್ನ ರೂಲು.

ಡ್ಯೂಟಿ ಡಾಕ್ಟರಿಗೆ ಹೇಳಿದೆ. ಗುಳಿಗೆ, ಗೋಡೆ, ಹಲ್ಲಿ, ಇರುವೆ, ಎಲ್ಲ ಒಟ್ಟಿಗೆ ಹೇಳಿದೆ, ಕೂಗಿದೆ ಕೂಡ. ಅವರಿಗೆ ಕನ್ನಡ ಅಷ್ಟಕ್ಕಷ್ಟೆ, ವಹಿ ಚಾಚಿದರೆ ಓದಲು ಬರಲಿಲ್ಲ. ನನ್ನ ಮರಾಠಿ ತಡವರಿಸಿತು. ಫೈಲು ನೋಡಿದರು. ಇವರು ಹೇಳಿದ್ದು ಅದರಲ್ಲಿ ಇದೆ. "ಬೆಳಿಗ್ಗೆ ದೊಡ್ಡ ಡಾಕ್ಟರು ಬರತಾರ, ತಾಯಿ" ಎಂದು ಸಮಾಧಾನ ಮಾಡಿದರು. ಬಾಗಿಲಿಗೆ ಓಡಿದೆ. ಇಬ್ಬರು ಹಿಡಿದುಕೊಂಡು ಬಂದು ಕೂರಿಸಿದರು. ಸೂಜಿ ಚುಚ್ಚಿದರು. ಹತ್ತು ನಿಮಿಷದಲ್ಲಿ ನಿದ್ದೆ ಬರುತ್ತದಂತೆ.

ಮೂರು ತಿಂಗಳು ಬೇಡಿಕೊಂಡ ನಿದ್ದೆ.

ಫೋನ್ ಕೊಟ್ಟ ಸಿಸ್ಟರಿನ ಡ್ಯೂಟಿ ಮುಗಿಯಿತು. ಅವರು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಆದರೆ ಈ ವಾರ್ಡಿನಲ್ಲಿ ನಮ್ಮ ಕಡೆಯವರು ಬಹಳ ಜನ ಇದ್ದಾರೆ. ವಹಿಯನ್ನು ಹೀಗೇ ತೆರೆದು ತನುವಿನ ಮಂಚದ ಮೇಲೆ ಇಡುತ್ತೇನೆ.

ಇದನ್ನು ಓದುತ್ತಿರುವವರೇ, ನೀವು ಯಾರೇ ಆಗಿರಿ. ಮೊದಲು ಡಾಕ್ಟರಿಗೆ ಪುಟ 31 ಓದಿ ಹೇಳಿ, ಅದು ಮಗುವಿಗೆ. ಆಮೇಲೆ ಫೋನ್. ರಟ್ಟಿನ ಮೇಲೆ ದೊಡ್ಡದಾಗಿ ನಂಬರ್ ಬರೆದಿದ್ದೇನೆ. ಮಾಳೇಶ ಅಂತ, ನನ್ನ ಗಂಡ. ಆ ಖೋಲಿಯಲ್ಲಿ ಇವತ್ತು ಆರು ಜನ ಮಲಗಿದ್ದಾರೆ, ಕಿಟಕಿ ಮುಚ್ಚಿಕೊಂಡು. ಎರಡು ಮಕ್ಕಳು. ಗುಳಿಗೆ ಇವತ್ತು ಇನ್ನೂ ಹೆಚ್ಚು ಹಾಕಿದ್ದಾರೆ. ಬಾಗಿಲು ತೆಗೆದು ಹೊರಗೆ ಬನ್ನಿ, ಆಡಿನ ಶೆಡ್ಡಿಗೆ ಹೋಗಿ ಮಲಗಿ ಅನ್ನಿ. ನಾನು ಹೇಳಿದೆ ಅನ್ನಬೇಡಿ, ನಂಬುವುದಿಲ್ಲ. ಡಾಕ್ಟರು ಹೇಳಿದರು ಅನ್ನಿ.

ಎತ್ತದಿದ್ದರೆ ಬಿಡಬೇಡಿ. ಮತ್ತೆ ಮಾಡಿ. ಸುರಜ ನಡುರಾತ್ರಿ ನೀರಿಗೆ ಏಳುತ್ತಾನೆ, ಫೋನಿನ ಬೆಳಕು ಕಂಡರೆ ಎತ್ತುತ್ತಾನೆ. ಪೊಲೀಸರಿಗೂ ಮಾಡಿ. ತವನಪ್ಪ ಅಣ್ಣ ಪಕ್ಕದ ಮನೆ, ಐನಾಪುರದಲ್ಲಿ ಯಾರನ್ನು ಕೇಳಿದರೂ... ಅವರ ನಂಬರ್ 98 ಇಂದ... ನೆನಪಾಗುತ್ತಿಲ್ಲ. ಅಕ್ಷರ ಓಡುತ್ತಿದೆ, ಕ್ಷಮಿಸಿ.

ಬೆಳಗಾಗುವ ತನಕ ಕಾಯಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ ಒಂದು ಫೋನ್