ಕಪ್ಪಾದ ಕೆಂಪು ಸೀರೆ

ಏಪ್ರಿಲ್ 12, ಭಾನುವಾರ

ವಿಡಿಯೊದಲ್ಲಿ ಶರ್ವರಿ ಅಕ್ಕನ ಕೆಂಪು ಸೀರೆ ಕಪ್ಪಾಗಿ ಬಂದಿದೆ. ಮದುವೆಗೆ ಮುಂಚಿನ ವಿಡಿಯೊಗೆಂದು ಅವಳನ್ನೂ ಭಾವನಾಗಲಿರುವ ಸುಶಾಂತರನ್ನೂ ಮಣಿಕೊಂಡ ಬಡಾವಣೆಯ ಈಜುಕೊಳದಲ್ಲಿ ಮುಳುಗಿಸಿ, ನೀರೊಳಗೂ ನಡೆಯುವ ಆ್ಯಕ್ಷನ್ ಕ್ಯಾಮೆರಾ ಹಿಡಿದವಳು ನಾನೇ.

ಅಮ್ಮ ನೋಡಿ ಹೌಹಾರಿದಳು: "ಮದುಮಗಳಿಗೆ ಕರಿ ಸೀರಿ ಉಡಿಸ್ಯಾರ ಅಂತಾರ ಬೀಗರು!"

ಕಂಪ್ಯೂಟರಿನಲ್ಲಿ ಕೆಂಪು ಏರಿಸಿದೆ. ಸೀರೆ ಹಾಗೇ ಉಳಿಯಿತು, ಅಕ್ಕನ ಮುಖ ಮೆಣಸಿನಕಾಯಿಯಾಯಿತು.

ನೀರು ಮೊದಲು ನುಂಗುವುದು ಕೆಂಪನ್ನೇ. ಬಿಸಿಲಿರುವಾಗ, ಹತ್ತಿರದಿಂದ ತೆಗೆದರೆ ಮಾತ್ರ ಉಳಿದೀತು. ಗೊತ್ತಿತ್ತು. ಆದರೂ ಅವರಿಬ್ಬರು ಕೈಹಿಡಿದ ಕೂಡಲೇ ನಾಚಿ ದೂರ ಸರಿದೆ.

ಅಕ್ಕನಿಗೆ ಇದನ್ನೇ ಹೇಳಿದೆ. ನೀರೆಂದರೆ ಹೆದರುವವಳು, ನಕ್ಕಳು. "ನಾಳೆ ಮಧ್ಯಾಹ್ನ ಇನ್ನೊಂದ್ ಸಲ ಮುಳುಗತೀನಿ. ಹತ್ತಿರ ಬಾ ಹುಚ್ಚಿ, ನಾವೇನು ಕಚ್ಚಂಗಿಲ್ಲ."

ಮೊಳದಷ್ಟು ಹತ್ತಿರ ಹೋಗಬೇಕು. ಅವರು ಒಬ್ಬರನ್ನೊಬ್ಬರು ನೋಡುವಾಗ ನಾನು ಎಲ್ಲಿ ನೋಡಲಿ?