ಅಪ್ಪನ ಮಣ್ಣು ಹರಿದುಹೋದ ದಾರಿ

ಮಾಂಜ್ರಾ ದಂಡೆ, ಭಾಲ್ಕಿ ತಾಲೂಕು
ಭಾದ್ರಪದ ಬಹುಳ ಪಂಚಮಿ, ಫಸಲಿ ೧೩೨೫

ಪ್ರೀತಿಯ ತಮ್ಮ ಹಾವಗೆಪ್ಪಾ,

ನಿನ್ನ ಅಣ್ಣ ಬಸವಣ್ಣೆಪ್ಪನ ಆಶೀರ್ವಾದ. ಹೈದರಾಬಾದಿನ ನೀರು ನಿನಗೆ ಒಗ್ಗಿತೇ? ಕಲ್ಲು ಕೆತ್ತುವಾಗ ಮೂಗು ಬಾಯಿಗೆ ಅರಿವೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಹೋದ ಸಲ ಊರಿಗೆ ಬಂದಾಗ ಕೆಮ್ಮುತ್ತಿದ್ದೆ, ಅವ್ವ ಅದನ್ನು ಇನ್ನೂ ಮರೆತಿಲ್ಲ. ತಂಗಿ ಅನುಸೂಯಾ ಔರಾದಿನಿಂದ ಗಂಡನ ಜೊತೆ ಬಂದಿದ್ದಾಳೆ. ಎತ್ತುಗಳು ಚೆನ್ನಾಗಿವೆ. ಅಪ್ಪನ ಗದ್ದುಗೆ ಹೋಯಿತು, ತಮ್ಮಾ. ಹೊಳೆ ಒಯ್ದಿತು.

ಅಪ್ಪನನ್ನು ಹೊಲದ ಅಂಚಿನ ಬೇವಿನ ಬುಡದಲ್ಲಿ ಮಣ್ಣಿಗೆ ಕೂಡಿಸಿದಾಗ ಅಲ್ಲಿಂದ ನೀರಿನವರೆಗೆ ಎತ್ತಿನ ಗಾಡಿ ಸರಾಗವಾಗಿ ತಿರುಗುವಷ್ಟು ಜಾಗವಿತ್ತು. ನಮ್ಮ ಹೊಲ ಹೊಳೆಯ ತಿರುವಿನ ಹೊರಮಗ್ಗುಲಿಗಿದೆ. ನೀರು ನೆಟ್ಟಗೆ ಓಡಿಬಂದು ನಮ್ಮ ದಂಡೆಗೇ ಬಡಿದು ತಿರುಗುತ್ತದೆ. ವರ್ಷಕ್ಕೆ ಎರಡು ಮೊಳ, ಮೂರು ಮೊಳ ತಿನ್ನುತ್ತಲೇ ಬಂತು. ನೀನು ಬರೆದಂತೆ ಜಾಲಿಯ ಗೂಟ ಬಡಿದು, ನಾನೂ ಅನುಸೂಯಾಳ ಗಂಡನೂ ಹನ್ನೊಂದು ದಿನ ಗಾಡಿ ಹೂಡಿ ಕಲ್ಲು ತಂದು ಒಟ್ಟಿದೆವು. ಮೊದಲ ಪ್ರವಾಹ ಕಲ್ಲನ್ನು ಮುಟ್ಟಲೂ ಇಲ್ಲ. ಅದರ ಕೆಳಗಿನ ಮೆತ್ತನೆಯ ಮಣ್ಣನ್ನಷ್ಟೇ ಬಗೆದುಕೊಂಡು ಹೋಯಿತು. ಮೇಲೆ ಜೋಳ ನೆಟ್ಟಗೆ ನಿಂತಿತ್ತು, ಅಡಿಯಲ್ಲಿ ಪೊಳ್ಳು. ಎರಡನೆಯ ಪ್ರವಾಹಕ್ಕೆ ಆ ಕಲ್ಲಿನ ಭಾರವೇ ದಂಡೆಯನ್ನು ಎಳೆದುಕೊಂಡು ಬಿತ್ತು. ನಿನ್ನ ತಪ್ಪಲ್ಲ, ನಾನೂ ಬೇರೇನೂ ಅರಿಯದವನು.

ಅಪ್ಪನನ್ನು ಊರ ಹತ್ತಿರಕ್ಕೆ ತರೋಣ ಎಂದೆ. ಮಠದ ಸ್ವಾಮಿಗಳೂ ಒಪ್ಪಿದ್ದರು. ಅವ್ವ ಮಾತ್ರ ಕೇಳಲಿಲ್ಲ. "ಕೂತವರನ್ನ ಎಬ್ಬಸಬ್ಯಾಡೋ. ಬದುಕಿದ್ದಾಗ ಒಂದು ದಿನಾನೂ ಕೂತವರಲ್ಲ ಅವ್ರು" ಎಂದಳು. ನಾನು ಸುಮ್ಮನಾದೆ. ಸುಮ್ಮನಾಗಬಾರದಿತ್ತೇನೋ.

ಮೂರನೆಯ ಪ್ರವಾಹ ಬಂದದ್ದು ಮಧ್ಯಾಹ್ನ. ಅವ್ವ ಗದ್ದುಗೆಯ ಬಳಿ ಕೂತಿದ್ದಳು. ಬೇವಿನ ಹಿಂದೆ ಬೆರಳಗಲದ ಒಂದು ಬಿರುಕು ನನ್ನ ಕಣ್ಣೆದುರೇ ಓಡಿತು. ಓಡಿಹೋಗಿ ಅವಳ ರಟ್ಟೆ ಹಿಡಿದು ಎಳೆದೆ. ಹತ್ತು ಹೆಜ್ಜೆ ಬಂದಿರಬೇಕು, ಹಿಂದೆ ಚೀಲ ಇಳಿಸಿದಂಥ ಸದ್ದು, ಅಷ್ಟೇ. ತಿರುಗಿದರೆ ಬೇವಿನ ಗಿಡ ನೀರಿನಲ್ಲಿ ನಿಂತೇ ಹೋಗುತ್ತಿತ್ತು, ಸ್ವಲ್ಪ ದೂರ ಹೋದ ಮೇಲೆ ವಾಲಿತು. ಅವ್ವ ಅಳಲಿಲ್ಲ. "ಎಲ್ಲಿಗಿ ಹೋದ್ರು?" ಎಂದು ನನ್ನನ್ನು ಕೇಳಿದಳು.

ನೀರು ಇಳಿದ ಮೇಲೆ ಹರಿಗೋಲಿನ ಖಾಜಾ ಮಿಯಾನನ್ನು ಅವಳೇ ಕರೆಸಿದಳು. ಎದುರಿನ ದಂಡೆಗೆ ಹೊಸ ಮರಳು ಬಿದ್ದಿದೆ, ನಮ್ಮದು ಅಲ್ಲೇ ಇರಬೇಕು ಎಂದು ಅವಳ ಲೆಕ್ಕ. ಅವನು ತಲೆ ಅಲ್ಲಾಡಿಸಿದ. "ಇಲ್ರಿ ಅವ್ವಾರ, ಎದುರಿಗಿ ಬಿದ್ದದ್ದು ಮ್ಯಾಲಿನ ಊರಿನವರ ಮಣ್ಣು. ಇಲ್ಲಿ ಕಡದದ್ದು ಕೆಳಗಿನ ತಿರುವಿಗಿ ಹೋಗ್ತದ. ಅಲ್ಲಿ ಒಳಮಗ್ಗಲಿಗಿ ನೀರಿನ ಓಟ ಕಮ್ಮಿ, ಹೊತ್ತಿದ್ದು ಇಳಸ್ತದ. ಮೊದಲ ಹರಳು, ಆಮ್ಯಾಲ ಉಸುಕು, ಕಡೀಕ ಸಣ್ಣ ಮಣ್ಣು. ಭಾಳ ಸಣ್ಣದು ನಿಂದ್ರೂದೇ ಇಲ್ರಿ, ಗೋದಾವರಿ ತನಕ ಹೋಗ್ತದ."

ಆ ತಿರುವನ್ನು ನೋಡಲೇಬೇಕೆಂದು ಅವ್ವ ಹಠ ಹಿಡಿದು ನಮ್ಮಿಬ್ಬರ ಜೊತೆ ಬಂದಳು. ಕೆಳಗಿನ ತಿರುವಿನಲ್ಲಿ ಹೊಸ ದಿಬ್ಬ ಎದ್ದಿದೆ, ಅವನು ಹೇಳಿದಂತೆಯೇ: ತಲೆಯ ಕಡೆ ಹರಳು, ನಡುವೆ ಮರಳು, ಬಾಲದ ಕಡೆ ಕರಿ ಕೆಸರು. ಅವ್ವ ಒಂದೊಂದು ಕಡೆಯೂ ಬೊಗಸೆ ತುಂಬಿಕೊಂಡು ಮೂಸಿ ನೋಡಿದಳು. ಬೇವಿನ ತುಂಡಿಲ್ಲ, ಗದ್ದುಗೆಯ ಕಲ್ಲಿಲ್ಲ. "ಇದರಾಗ ಅವರದು ಯಾವುದೋ?" ಎಂದಳು. ಕೊನೆಗೆ ಆ ಕೆಸರಿನಲ್ಲೇ ಕೂತುಬಿಟ್ಟಳು, ಹೊತ್ತು ಇಳಿಯುವ ತನಕ.

ಉಳಿದ ಹೊಲದಲ್ಲೂ ಬಿರುಕು ಕಾಣಿಸಿದೆ. ಜೋಳವನ್ನು ಹಸಿಯಿರುವಾಗಲೇ ಕೊಯ್ದು ದನಕ್ಕೆ ಹಾಕಿದೆ. ಇನ್ನು ಕಲ್ಲು ಒಟ್ಟುವುದಿಲ್ಲ. ಅನುಸೂಯಾ ನಿನಗೆ ಶರಣು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಣ್ಣ,
ಬಸವಣ್ಣೆಪ್ಪ

ತಾ.ಕ.: ಕಾಗದ ಟಪಾಲಿಗೆ ಒಯ್ಯಲು ಬೀದರಿನ ಗಾಡಿ ಬಾಗಿಲಲ್ಲಿ ನಿಂತಿದೆ. ದಿಬ್ಬದಿಂದ ಬಂದಾಗಿನಿಂದ ಅವ್ವನಿಗೆ ಜ್ವರ; ಮೂರು ದಿನದಿಂದ ಗಂಜಿಯೂ ಇಳಿಯುತ್ತಿಲ್ಲ. "ನನ್ನನ್ನೂ ಆ ದಿಬ್ಬದಾಗೇ ಮಣ್ಣಿಗಿ ಕೂಡಸ್ರಿ" ಎಂದು ಇಷ್ಟಲಿಂಗ ಮುಟ್ಟಿಸಿ ನನ್ನಿಂದ ಆಣೆ ತೆಗೆದುಕೊಂಡಿದ್ದಾಳೆ. ಕೊಟ್ಟುಬಿಟ್ಟೆ. ಮುಂದಿನ ಮಳೆಗಾಲಕ್ಕೆ ಆ ದಿಬ್ಬವೂ ಅಲ್ಲಿರುವುದಿಲ್ಲವೆಂದು ಖಾಜಾ ಮಿಯಾ ನನಗೊಬ್ಬನಿಗೇ ಹೇಳಿದ್ದಾನೆ. ಅವಳಿಗೆ ಹೇಳಲೋ, ಬಿಡಲೋ? ಕೆಲಸ ಬಿಟ್ಟು ಹೊರಡು. ನನ್ನೊಬ್ಬನಿಂದ ಆಗುವುದಿಲ್ಲ.